ಕರಪತ್ರದಲ್ಲಿ ಇಲ್ಲದ ಮೋರಿ

ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆಯ ಸುದ್ದಿ ಗಾಳಿಗೆ ಬಿದ್ದರೆ ಸಾಕು, ಗಲ್ಲಿಗೊಬ್ಬರು ಆಕಾಂಕ್ಷಿ ಹುಟ್ಟಿಕೊಳ್ಳುತ್ತಾರೆ. ಹಬ್ಬಕ್ಕೆ ಶುಭಾಶಯ, ನಾಯಕರ ಹುಟ್ಟುಹಬ್ಬಕ್ಕೆ ಶುಭಾಶಯ, ಏನೂ ಇಲ್ಲದಿದ್ದರೆ ತಮ್ಮದೇ ಹುಟ್ಟುಹಬ್ಬಕ್ಕೆ ಅಭಿಮಾನಿ ಬಳಗದ ಹೆಸರಲ್ಲಿ ಶುಭಾಶಯ. ಎಲ್ಲವೂ ಫ್ಲೆಕ್ಸ್ ಮೇಲೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಪಾಲಿಕೆಯವರು ಊರಿನ ಫ್ಲೆಕ್ಸ್‌ಗಳನ್ನೆಲ್ಲ ಕಿತ್ತು ಲಾರಿಗೆ ತುಂಬಿದ್ದು ಅನೇಕರಿಗೆ ನೆನಪಿರಬಹುದು. ಈಗ ಅದೇ ಪಾಲಿಕೆಗೆ ಹೋಗಿ ಕೂರಲು ಹೊರಟವರು ಅದೇ ನಿಯಮ ಮುರಿದು ತಮ್ಮ ಪರಿಚಯ ಮಾಡಿಕೊಳ್ಳುತ್ತಿದ್ದಾರೆ. ಇದನ್ನು ಯಾರೂ ತಪ್ಪು ಅಂತ ಅಂದುಕೊಳ್ಳುವುದೂ ಇಲ್ಲ. ಇರಲಿ ಬಿಡಿ.

ಗೇಟಿಗೆ ಸಿಕ್ಕಿಸಿ ಹೋದ ಒಂದು ಕರಪತ್ರವನ್ನು ಈ ಸಲ ಎಸೆಯದೆ ಕೂತು ಓದಿದೆ. ಹೆಸರು ಬೇಡ, ಪಕ್ಷವೂ ಬೇಡ. ಮನುಷ್ಯ ಕೆಟ್ಟವರೇನಲ್ಲ. ಏರಿಯಾದಲ್ಲಿ ಯಾರಿಗಾದರೂ ಕಷ್ಟ ಅಂದರೆ ರಾತ್ರಿ ಹೊತ್ತಲ್ಲೂ ಬರುತ್ತಾರೆ. ಕರಪತ್ರದಲ್ಲಿ ಅವರ ಕನಸುಗಳ ಪಟ್ಟಿ ಇತ್ತು. ಪ್ರತಿ ಮನೆಗೂ ಕಾವೇರಿ ನೀರು. ಟ್ರಾಫಿಕ್ ಕಿರಿಕಿರಿಯಿಂದ ಮುಕ್ತಿ. ನಮ್ಮ ಬಡಾವಣೆ ಹತ್ತಿರಕ್ಕೆ ಮೆಟ್ರೊ. ಜಾಸ್ತಿ ಬಿಎಂಟಿಸಿ ಬಸ್ಸು. ಕರೆಂಟ್ ಹೋಗದ ವಾರ್ಡು. ಸರಗಳ್ಳತನ ತಡೆಯಲು ಪೊಲೀಸ್ ಗಸ್ತು. ಸುರಂಗ ರಸ್ತೆಯ ಬಗ್ಗೆ ಒಂದು ಖಡಕ್ ನಿಲುವು. ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ, ಜಾಗ ಉಳಿದಿತ್ತು ಅಂತ ಹಾಕಿದ ಹಾಗೆ, ಸ್ವಚ್ಛತೆಗೆ ಆದ್ಯತೆ.

ಓದಿ ಮುಗಿಸಿದಾಗ ಒಂದು ವಿಷಯ ಹೊಳೆಯಿತು. ಈ ಪಟ್ಟಿಯಲ್ಲಿ ಕೊನೆಯದೊಂದನ್ನು ಬಿಟ್ಟರೆ ಯಾವುದೂ ಕಾರ್ಪೊರೇಟರ್ ಕೈಯಲ್ಲಿಲ್ಲ.

ಒಂದೊಂದಾಗಿ ನೋಡಿ. ಕಾವೇರಿ ನೀರು ಜಲಮಂಡಳಿಯದ್ದು. ಅದು 1964ರಿಂದ ಬೇರೆಯದೇ ಸಂಸ್ಥೆ, ರಾಜ್ಯ ಸರ್ಕಾರದ ಅಡಿಯಲ್ಲಿದೆ. ಮುಂಬಯಿಯಲ್ಲಿ ನೀರು ಪಾಲಿಕೆಯದ್ದೇ ಜವಾಬ್ದಾರಿ, ಇಲ್ಲಿ ಹಾಗಲ್ಲ. ಬಸ್ಸು ಬಿಎಂಟಿಸಿಯದ್ದು, ಕೆಎಸ್‌ಆರ್‌ಟಿಸಿಯಿಂದ 1997ರಲ್ಲಿ ಬೇರೆಯಾಗಿದ್ದು, ಸಾರಿಗೆ ಸಚಿವರ ಕೆಳಗೆ ಬರುತ್ತದೆ. ಕರೆಂಟ್ ಬೆಸ್ಕಾಂನದ್ದು. ಮೆಟ್ರೊ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಜಂಟಿ ಕಂಪನಿಯದ್ದು. ಪೊಲೀಸ್, ಟ್ರಾಫಿಕ್ ಎರಡೂ ಗೃಹ ಇಲಾಖೆಗೆ ಸೇರಿದ್ದು. ಊರು ಯಾವ ಕಡೆ ಬೆಳೆಯಬೇಕು ಅಂತ ನಕ್ಷೆ ಹಾಕುತ್ತಾ ಬಂದಿದ್ದು 1976ರಲ್ಲಿ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ಕೊರೆಯುವ ಯೋಜನೆ ವಿಧಾನಸೌಧದ ಮಟ್ಟದ್ದು. ಅದರ ಪರವೋ ವಿರೋಧವೋ ಅಂತ ವಾರ್ಡಿನ ಅಭ್ಯರ್ಥಿ ಎದೆ ತಟ್ಟಿ ಹೇಳಿದರೂ ಅವರ ಮಾತಿಗೆ ಅಲ್ಲಿ ಕುರ್ಚಿ ಹಾಕುವವರಿಲ್ಲ.

ಹಾಗಂತ ಅಭ್ಯರ್ಥಿಗಳಿಗೆ ಇವುಗಳ ಬಗ್ಗೆ ಅಭಿಪ್ರಾಯ ಇರಬಾರದು ಅಂತಲ್ಲ. ಇರಲಿ. ಆದರೆ ಅಭಿಪ್ರಾಯವೇ ಬೇರೆ, ಭರವಸೆಯೇ ಬೇರೆ ಅಲ್ವಾ? ಕಾವೇರಿ ತರುತ್ತೇನೆ ಅಂದವರು ಗೆದ್ದ ಮೇಲೆ ಮಾಡುವುದು ಜಲಮಂಡಳಿ ಎಂಜಿನಿಯರ್‌ಗೆ ಫೋನು. ಅದನ್ನು ನೀವೂ ಮಾಡಬಹುದು. ಕಾರ್ಪೊರೇಟರ್ ಫೋನು ಬೇಗ ಎತ್ತುತ್ತಾರೆ, ವ್ಯತ್ಯಾಸ ಅಷ್ಟೇ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ, ಹುಟ್ಟಿದಾಗ ಹಳೆಯ 100 ವಾರ್ಡುಗಳ ಜತೆ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿದರು. ಆ ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ನೀರು, ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆತ್ತಬೇಕು. ಊರಿಗೆ ಸೇರಿಸಿಕೊಂಡ ಮೇಲೆ ನೀರು ಬರಲು ಹದಿನೇಳು ವರ್ಷ. ನಡುವೆ ಎರಡು ಪಾಲಿಕೆ ಚುನಾವಣೆಗಳು ಬಂದವು. ಆ ಎರಡರಲ್ಲೂ ಎಷ್ಟು ಕರಪತ್ರಗಳಲ್ಲಿ ಕಾವೇರಿ ಹರಿದಿರಬಹುದು, ನೀವೇ ಲೆಕ್ಕ ಹಾಕಿ.

ಇದು ಹೀಗೇಕೆ ಅಂತ ಕೇಳಿದರೆ ಸಂವಿಧಾನದ 74ನೇ ತಿದ್ದುಪಡಿಗೆ ಹೋಗಬೇಕು. 1993ರ ಜೂನ್ 1ರಿಂದ ಜಾರಿಗೆ ಬಂದ ಈ ತಿದ್ದುಪಡಿ ನಗರಗಳಿಗೂ ಸ್ವಂತ ಸರ್ಕಾರ ಇರಲಿ ಅಂತ ಹೇಳಿತು. ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿತು. ಅದರಲ್ಲಿ 18 ಕೆಲಸಗಳ ಪಟ್ಟಿ ಇದೆ. ನಗರ ಯೋಜನೆ, ನೀರು, ರಸ್ತೆ, ಕಸ, ಪಾರ್ಕು, ಬೀದಿದೀಪ, ಸ್ಮಶಾನ, ಜನನ ಮರಣ ನೋಂದಣಿ, ಕೊನೆಗೆ ದನದ ದೊಡ್ಡಿ ಕೂಡ ಇದೆ. ಅಗ್ನಿಶಾಮಕವೂ ಇದೆ, ನಮ್ಮಲ್ಲಿ ಅದು ಇವತ್ತಿಗೂ ರಾಜ್ಯದ ಇಲಾಖೆ. ಪಟ್ಟಿ ಚೆನ್ನಾಗಿದೆ. ಆದರೆ ಇದರಲ್ಲಿ ಎಷ್ಟನ್ನು ನಗರಗಳ ಕೈಗೆ ಕೊಡಬೇಕು ಅನ್ನುವುದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟರು. ಯಾವ ಶಾಸಕ ತಾನೇ ತನ್ನ ಕೈಲಿರುವ ನೀರು, ಬಸ್ಸು, ಲೇಔಟನ್ನು ಕಾರ್ಪೊರೇಟರ್‌ಗೆ ಕೊಟ್ಟಾನು? ಯಾವ ಪಕ್ಷದವರು ಬಂದರೂ ಈ ವಿಷಯದಲ್ಲಿ ಒಂದೇ. ವಿಧಾನಸೌಧದಲ್ಲಿ ವಿರೋಧ ಪಕ್ಷದಲ್ಲಿ ಕೂತಾಗ ಎಲ್ಲರಿಗೂ ವಿಕೇಂದ್ರೀಕರಣ ಬೇಕು.

ಅದಕ್ಕೇ ಇರಬೇಕು, ಬೆಂಗಳೂರಿಗೆ ಚುನಾಯಿತ ಕೌನ್ಸಿಲ್ ಇಲ್ಲದೆ ಬದುಕುವುದು ಅಭ್ಯಾಸವಾಗಿಬಿಟ್ಟಿದೆ. 2006ರ ಕೊನೆಯಿಂದ 2010ರವರೆಗೆ ಆಡಳಿತಾಧಿಕಾರಿಯೇ ಕೌನ್ಸಿಲ್. 2010ರ ಮಾರ್ಚ್‌ನಲ್ಲಿ 198 ವಾರ್ಡುಗಳಿಗೆ ಚುನಾವಣೆ ಆಯಿತು. ಮುಂದಿನದು 2015ರ ಆಗಸ್ಟ್‌ನಲ್ಲಿ, ಅದೂ ಕೋರ್ಟು ಮೆಟ್ಟಿಲು ಹತ್ತಿದ ಮೇಲೆ. ಆ ಕೌನ್ಸಿಲ್‌ನ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್ 10ಕ್ಕೆ. ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. ಸುಪ್ರೀಂ ಕೋರ್ಟ್ 2006ರಲ್ಲೇ ಅಹಮದಾಬಾದ್ ಪಾಲಿಕೆಯ ಕೇಸಿನಲ್ಲಿ ಅದನ್ನು ಒತ್ತಿ ಹೇಳಿದೆ. ನಮ್ಮಲ್ಲಿ ಆಗಿದ್ದೇನು? ವಾರ್ಡು 198 ಇದ್ದಿದ್ದು 2022ರಲ್ಲಿ 243 ಆಯಿತು. 2023ರಲ್ಲಿ 225ಕ್ಕೆ ಇಳಿಯಿತು. ಆಮೇಲೆ ಬಿಬಿಎಂಪಿಯೇ ಹೋಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂತು, ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವು, ವಾರ್ಡುಗಳು 369 ಆದವು. ಇಷ್ಟೆಲ್ಲ ಲೆಕ್ಕ ಬದಲಾಗಿ ಐದು ವರ್ಷ ದಾಟಿದರೂ ಒಂದೇ ಒಂದು ವೋಟು ಬೀಳಲಿಲ್ಲ.

ಕಾರ್ಪೊರೇಟರ್ ಇಲ್ಲದಿದ್ದರೆ ಏನು ಹೋಯಿತು ಅಂತ ಕೇಳುವವರು ನನ್ನ ಗೆಳೆಯರಲ್ಲೂ ಇದ್ದಾರೆ. ಕಮಿಷನ್ ಉಳಿಯಿತು ಅನ್ನುತ್ತಾರೆ. ಅವರಿಗೆ 2021ರ ಏಪ್ರಿಲ್, ಮೇ ತಿಂಗಳು ನೆನಪಿಸಬೇಕು. ಕೋವಿಡ್ ಎರಡನೇ ಅಲೆ ಬಂದಾಗ ವಾರ್ಡುಗಳಲ್ಲಿ ಚುನಾಯಿತರು ಯಾರೂ ಇರಲಿಲ್ಲ. ಹಾಸಿಗೆ, ಆಂಬುಲೆನ್ಸ್, ಆಕ್ಸಿಜನ್ ಅಂತ ಜನ ಅಲೆದಾಡುವಾಗ ಮನೆ ಬಾಗಿಲು ಬಡಿಯಲು ಒಂದು ವಿಳಾಸ ಇರಲಿಲ್ಲ. ಅಧಿಕಾರಿಗಳು ಕೆಲಸ ಮಾಡಲಿಲ್ಲ ಅಂತಲ್ಲ. ಆದರೆ ಅಧಿಕಾರಿಗೆ ನಿಮ್ಮ ಬೀದಿ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ವರ್ಗ ಆಗಿರುತ್ತದೆ.

ಹಾಗಾದರೆ ಕಾರ್ಪೊರೇಟರ್ ಕೈಯಲ್ಲಿ ಏನಿದೆ? ಅಲ್ಲಿಗೇ ಬರುತ್ತಿದ್ದೇನೆ. ಕರಪತ್ರದಲ್ಲಿ ಇಲ್ಲದ ಮೋರಿ ಇದೆ.

ಬೆಂಗಳೂರಿನ ಯಾವ ಹಳೇ ಬಡಾವಣೆಗೆ ಹೋದರೂ ಮಳೆಗಾಲಕ್ಕೆ ಮುಂಚೆ ಈ ದೃಶ್ಯ ಸಿಗುತ್ತದೆ. ಒಂದು ತಂಡ ಬರುತ್ತದೆ. ಫುಟ್‌ಪಾತಿನ ಕಲ್ಲುಚಪ್ಪಡಿಗಳನ್ನು ಸನಿಕೆ ಕೊಟ್ಟು ಎಬ್ಬಿಸುತ್ತಾರೆ. ಒಳಗಿನಿಂದ ಕಪ್ಪು ಹೂಳು ಮೇಲೆ ಬರುತ್ತದೆ, ಜತೆಗೆ ಹಾಲಿನ ಕವರು, ತೆಂಗಿನ ಚಿಪ್ಪು, ಗುಟ್ಕಾ ಚೀಟಿ, ಒಂದೆರಡು ಚಪ್ಪಲಿ. ಎಲ್ಲವನ್ನೂ ಅಲ್ಲೇ ಪಕ್ಕದಲ್ಲಿ ಗುಡ್ಡೆ ಹಾಕುತ್ತಾರೆ. ಒಣಗಲಿ, ಆಮೇಲೆ ಒಯ್ಯುತ್ತೇವೆ ಅನ್ನುತ್ತಾರೆ. ಒಣಗುತ್ತದೆ. ಒಯ್ಯುವ ಗಾಡಿ ಬರುವುದಿಲ್ಲ. ಮುಂಗಾರು ಪೂರ್ವ ಮಳೆ ಒಂದು ಗಂಟೆ ಜೋರಾಗಿ ಹೊಡೆದರೆ ಗುಡ್ಡೆ ಪೂರ್ತಿ ಮತ್ತೆ ಮೋರಿಗೆ. ಎಬ್ಬಿಸಿದ ಚಪ್ಪಡಿಗಳಲ್ಲಿ ಒಂದೋ ಎರಡೋ ಮುರಿದಿರುತ್ತವೆ. ಆ ಜಾಗ ತೆರೆದೇ ಇರುತ್ತದೆ. ಯಾರೋ ಪುಣ್ಯಾತ್ಮರು ಅದರೊಳಗೆ ಒಂದು ಮರದ ಕೊಂಬೆ ನೆಡುತ್ತಾರೆ, ಎಚ್ಚರಿಕೆ ಅಂತ.

ಈಗ ಇದನ್ನೇ ಕಾಗದದಲ್ಲಿ ನೋಡೋಣ. ಹೂಳು ತೆಗೆಯುವುದು ಒಂದು ಕಾಮಗಾರಿ. ಅದಕ್ಕೆ ಸಹಾಯಕ ಎಂಜಿನಿಯರ್ ಎಸ್ಟಿಮೇಟ್ ಮಾಡುತ್ತಾರೆ. ಎಸ್ಟಿಮೇಟ್‌ನಲ್ಲಿ ಹೂಳು ಎತ್ತುವುದಕ್ಕೆ ಒಂದು ದರ, ಗಾಡಿಯಲ್ಲಿ ಸಾಗಿಸುವುದಕ್ಕೆ ಇನ್ನೊಂದು ದರ. ಅದಕ್ಕೆ ಜಾಬ್ ಕೋಡ್ ಸಿಗುತ್ತದೆ, ಅಂದರೆ ಆ ಕಾಮಗಾರಿಯ ಗುರುತಿನ ಸಂಖ್ಯೆ. ಸರ್ಕಾರಿ ಖರೀದಿ, ಗುತ್ತಿಗೆಗಳ ಮೇಲಿನ 1999ರ ಪಾರದರ್ಶಕ ಕಾಯ್ದೆಯ ಪ್ರಕಾರ ಟೆಂಡರ್ ಆಗಬೇಕು. ಕೆಲಸ ಮುಗಿದ ಮೇಲೆ ಎಂಜಿನಿಯರ್ ಅಳತೆ ಪುಸ್ತಕದಲ್ಲಿ, ಎಲ್ಲರೂ ಎಂಬಿ ಅಂತಾರಲ್ಲ ಅದರಲ್ಲಿ, ಎಷ್ಟು ಘನ ಮೀಟರ್ ಹೂಳು ತೆಗೆದರು, ಎಲ್ಲಿಗೆ ಸಾಗಿಸಿದರು ಅಂತ ಬರೆದು ಸಹಿ ಹಾಕಬೇಕು. ಫೋಟೊ ಅಂಟಿಸಬೇಕು. ಆಮೇಲೆ ಬಿಲ್. ಬಿಲ್ಲು ದುಡ್ಡಾಗುವುದಕ್ಕೆ ಗುತ್ತಿಗೆದಾರರು ವರ್ಷಗಟ್ಟಲೆ ಕಾಯುತ್ತಾರೆ ಅನ್ನುವುದು ಬೇರೆ ಕಥೆ. ಕಾಯುವವರು ಆ ಬಡ್ಡಿಯನ್ನು ಎಲ್ಲಿಂದ ಹುಟ್ಟಿಸುತ್ತಾರೆ? ಸಿಮೆಂಟಿನಿಂದ, ಡಾಂಬರಿನಿಂದ, ಬಾರದ ಗಾಡಿಯಿಂದ.

ಬೀದಿಯಲ್ಲಿ ಗುಡ್ಡೆ ಇನ್ನೂ ಬಿದ್ದಿದೆ, ಪುಸ್ತಕದಲ್ಲಿ ಸಾಗಾಟ ಮುಗಿದಿದೆ. ಈ ಎರಡರ ನಡುವೆ ನಿಂತು ಅದು ಹೇಗೆ ಸ್ವಾಮಿ ಅಂತ ಕೇಳುವ ಹಕ್ಕು, ಜಾಗ, ಅಧಿಕಾರ ಮೂರೂ ಇರುವ ಒಬ್ಬರೇ ಒಬ್ಬರು ಅಂದರೆ ವಾರ್ಡಿನ ಕಾರ್ಪೊರೇಟರ್. ನೀವು ನಾವು ಕೇಳಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅನ್ನುತ್ತಾರೆ. ಮೂವತ್ತು ದಿನ, ಆಮೇಲೆ ಮೇಲ್ಮನವಿ. ಅಷ್ಟರಲ್ಲಿ ಮಳೆಗಾಲ ಮುಗಿದು ಚಳಿ ಬಂದಿರುತ್ತದೆ. ಕಾರ್ಪೊರೇಟರ್ ಕೇಳಿದರೆ ಅವತ್ತೇ ಫೈಲು ಬರುತ್ತದೆ. ಕೇಳಬೇಕು ಅಷ್ಟೇ. ಕೇಳುವುದಿಲ್ಲ ಯಾಕೆ ಅಂದರೆ ಎಷ್ಟೋ ಕಡೆ ಗುತ್ತಿಗೆದಾರ ಅವರ ಕಡೆಯವನೇ ಆಗಿರುತ್ತಾನೆ. ಇದು ಗುಟ್ಟೇನಲ್ಲ.

ರಸ್ತೆಯದ್ದೂ ಇದೇ ಪಾಡು. ಡಾಂಬರು ಹಾಕಿದ ಗುತ್ತಿಗೆದಾರ ಇಂತಿಷ್ಟು ವರ್ಷ ಆ ರಸ್ತೆಯನ್ನು ತನ್ನ ಖರ್ಚಲ್ಲೇ ರಿಪೇರಿ ಮಾಡಿಕೊಡಬೇಕು ಅನ್ನುವ ಕರಾರು ಟೆಂಡರಿನಲ್ಲೇ ಇರುತ್ತದೆ. ಡಿಎಲ್‌ಪಿ ಅಂತಾರೆ, ದೋಷ ಹೊಣೆಗಾರಿಕೆ ಅವಧಿ. ಒಂದು ವಾರ್ಡಿನಲ್ಲಿ ಯಾವ ಯಾವ ರಸ್ತೆ ಇನ್ನೂ ಡಿಎಲ್‌ಪಿಯಲ್ಲಿದೆ ಅಂತ ಗೊತ್ತಿದ್ದರೆ ಅರ್ಧ ಗುಂಡಿಗಳಿಗೆ ಪಾಲಿಕೆ ದುಡ್ಡು ಕೊಡಬೇಕಾಗಿಲ್ಲ. ಈ ಪಟ್ಟಿಯನ್ನು ಹಿಡಿದುಕೊಂಡು ವೋಟು ಕೇಳಿದ ಅಭ್ಯರ್ಥಿಯನ್ನು ನಾನಂತೂ ನೋಡಿಲ್ಲ. ಗುಂಡಿಮುಕ್ತ ವಾರ್ಡು ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಿಮ್ಮ ರಸ್ತೆ ಹಾಕಿದವರು ಯಾರು, ಎಷ್ಟಕ್ಕೆ, ಅವರ ಹೊಣೆ ಯಾವತ್ತಿನವರೆಗೆ, ಈ ಮೂರು ಸಂಗತಿ ಹೇಳುವವರು ಬೇಕಾಗಿದೆ.

ಕಸದ ವಿಷಯಕ್ಕೆ ಬಂದರೆ, ಇದು ಪೂರ್ತಿ ಪಾಲಿಕೆಯದ್ದು ಅಂತ ನಾವು ಅಂದುಕೊಂಡಿದ್ದೆವು. ಮಾವಳ್ಳಿಪುರದಲ್ಲಿ ಕಸ ಸುರಿದು ಅಲ್ಲಿನ ಜನ ಎದ್ದರು. ಮಂಡೂರಿಗೆ ಸುರಿದರು. ಮಂಡೂರಿನವರು ರಸ್ತೆಗೆ ಅಡ್ಡ ಕೂತರು, 2014ರ ಕೊನೆಗೆ ಅದೂ ನಿಂತಿತು. ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಎರಡು ಡಬ್ಬಿ, ಒಂದು ಚೀಲದ ಲೆಕ್ಕ ಹೇಳಿಕೊಟ್ಟಿತು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಸ್ಯಾನಿಟರಿ ಕಸ, ಚೀಲಕ್ಕೆ ಒಣ ಕಸ. ಕಸ ಬೇರೆ ಮಾಡುವ ಪಾಠವನ್ನು ಒಂದು ಊರಿಗೆ ನ್ಯಾಯಾಧೀಶರು ಹೇಳಿಕೊಡಬೇಕಾಯಿತು ನೋಡಿ. ಈಗ ಕಸಕ್ಕೆ ಅಂತಲೇ ಬೇರೆ ಕಂಪನಿ ಇದೆ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜತೆಗೇ ಕಸದ ಬಳಕೆದಾರರ ಶುಲ್ಕ, ಮನೆ ಅಳತೆಯ ಮೇಲೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಶುಲ್ಕ ಸರಿಯೋ ತಪ್ಪೋ ಆಮೇಲೆ ಮಾತಾಡೋಣ. ಅದನ್ನು ಹಾಕುವಾಗ ಬೇಡ ಅನ್ನುವುದಕ್ಕೋ, ಕಡಿಮೆ ಮಾಡಿ ಅನ್ನುವುದಕ್ಕೋ, ಕೊಡುತ್ತೇವೆ ಆದರೆ ಗಾಡಿ ದಿನಾ ಬರಲಿ ಅನ್ನುವುದಕ್ಕೋ ಚುನಾಯಿತರು ಒಬ್ಬರೂ ಇರಲಿಲ್ಲ.

ವಾರ್ಡಿನಲ್ಲಿ ಕಸದ ಮಟ್ಟಿಗೆ ಕಾರ್ಪೊರೇಟರ್ ಮಾಡಬಹುದಾದದ್ದು ಚಿಕ್ಕದು. ಬೆಳಗ್ಗೆ ಆರೂವರೆಗೆ ಪೌರಕಾರ್ಮಿಕರು ಹಾಜರಿ ಹಾಕುವ ಮಸ್ಟರಿಂಗ್ ಜಾಗಕ್ಕೆ ಹೋಗಿ ನಿಲ್ಲುವುದು. ಎಷ್ಟು ಪೌರಕಾರ್ಮಿಕರ ಹೆಸರು ಇದೆ, ಎಷ್ಟು ಜನ ಬಂದಿದ್ದಾರೆ, ಆಟೊ ಟಿಪ್ಪರ್ ಎಷ್ಟು ಹೊರಟವು ಅಂತ ನೋಡುವುದು. ಅವರಿಗೆ ಕೈಗವಸು ಇದೆಯಾ, ಶೌಚಾಲಯಕ್ಕೆ ಎಲ್ಲಿ ಹೋಗುತ್ತಾರೆ ಅಂತ ಕೇಳುವುದು. ಬೀದಿ ಗುಡಿಸುವ ಹೆಂಗಸರು ಯಾರ ಮನೆ ಬಾಗಿಲು ತಟ್ಟಬೇಕು ಅಂತ ಯೋಚಿಸುತ್ತಾ ಗಂಟೆಗಟ್ಟಲೆ ತಡೆದುಕೊಳ್ಳುತ್ತಾರೆ. ಇದು ಯಾವ ಪ್ರಣಾಳಿಕೆಗೂ ಬರುವುದಿಲ್ಲ. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಕೊಟ್ಟಿದ್ದು ಒಳ್ಳೆಯ ಕೆಲಸ, ಅದರ ಹಿಂದೆ ಅವರದ್ದೇ ವರ್ಷಗಳ ಹೋರಾಟ ಇದೆ. ಶೌಚಾಲಯ ಕಟ್ಟುವುದಕ್ಕೆ ಮಾತ್ರ ಕಾರ್ಪೊರೇಟರ್ ಮನಸ್ಸು ಮಾಡಿದರೆ ಸಾಕು.

ವಾರ್ಡಿನ ಜನರೂ ಕೂತು ವಾರ್ಡಿನ ಕೆಲಸ ಚರ್ಚಿಸುವ ವಾರ್ಡ್ ಸಮಿತಿ ಬಗ್ಗೆ ಕೇಳಿದರೆ ಆಕಾಂಕ್ಷಿಗಳ ಮುಖ ಸ್ವಲ್ಪ ಸಪ್ಪೆ ಆಗುತ್ತದೆ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ. ಬೆಂಗಳೂರಿನಲ್ಲಿ ಇದಕ್ಕಾಗಿ ಜನ ಕೋರ್ಟಿಗೂ ಅಲೆದರು, ಬೀದಿಗೂ ಇಳಿದರು. 2018ರ ಕೊನೆಗೆ ತಿಂಗಳ ಮೊದಲ ಶನಿವಾರ ಸಭೆ ಅಂತ ಶುರುವಾಯಿತು. ಕೆಲವು ವಾರ್ಡುಗಳಲ್ಲಿ ಚೆನ್ನಾಗಿ ನಡೆಯಿತು. ಕೆಲವು ಕಡೆ ಕಾರ್ಪೊರೇಟರ್ ತಮ್ಮ ಹುಡುಗರನ್ನೇ ಸಮಿತಿಗೆ ಹಾಕಿಕೊಂಡು ಕಾಫಿ ಕುಡಿದು ಎದ್ದರು. ಕೌನ್ಸಿಲ್ ಹೋದ ಮೇಲೆ ನೋಡಲ್ ಅಧಿಕಾರಿಗಳು ಬಂದರು. ಸಮಿತಿ ಅಂದರೆ ಕಾರ್ಪೊರೇಟರ್‌ಗೆ ಎದುರಾಳಿ ಅಂತ ಇವರು ಯಾಕೆ ಭಾವಿಸುತ್ತಾರೋ ನನಗೆ ಅರ್ಥವಾಗಿಲ್ಲ. ಶಾಸಕರು ಬಂದು ನನ್ನ ಕಡೆಯವನಿಗೆ ಕಾಮಗಾರಿ ಕೊಡಿ ಅಂದಾಗ, ಸಮಿತಿ ಒಪ್ಪಬೇಕಲ್ಲ ಸಾರ್ ಅನ್ನಬಹುದು. ಇಂಥ ಗುರಾಣಿಯನ್ನು ಯಾರಾದರೂ ಬೇಡ ಅನ್ನುತ್ತಾರಾ?

ಶಾಸಕರ ಮಾತು ಬಂತಲ್ಲ. ಪಾಲಿಕೆಯಲ್ಲಿ ಕಾರ್ಪೊರೇಟರ್‌ಗಳದ್ದೇ ಕೊನೆ ಮಾತು ಅಂದುಕೊಂಡಿದ್ದವರಿಗೆ 2015 ಒಳ್ಳೆಯ ಪಾಠ. ಆ ವರ್ಷ 198ರಲ್ಲಿ ಬಿಜೆಪಿ 100 ಗೆದ್ದಿತು, ಅಂದರೆ ಸರಳ ಬಹುಮತ. ಮೇಯರ್ ಆಗಿದ್ದು ಮಾತ್ರ ಕಾಂಗ್ರೆಸ್‌ನವರು. ಜೆಡಿಎಸ್ ಕೈ ಜೋಡಿಸಿತು, ಜತೆಗೆ ಮೇಯರ್ ಚುನಾವಣೆಯಲ್ಲಿ ಶಾಸಕರು, ಸಂಸದರು, ಪರಿಷತ್ ಸದಸ್ಯರಿಗೂ ವೋಟು ಇತ್ತು. ಕಾನೂನಿನ ಪ್ರಕಾರ ಎಲ್ಲ ಸರಿಯೇ ಇತ್ತು. ಬೇರೆ ಪಕ್ಷಗಳು ಆ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದವು. ಆಗ ಮೇಯರ್ ಅವಧಿ ಒಂದೇ ವರ್ಷ. ಅಭಿನಂದನೆ ಹಾರ ತೆಗೆದಿಟ್ಟು ಫೈಲು ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಮುಂದಿನವರು ಬಂದಿರುತ್ತಿದ್ದರು. ಈಗ ಕಾಯ್ದೆಯಲ್ಲಿ ಅದನ್ನು ಎರಡೂವರೆ ವರ್ಷ ಮಾಡಿದ್ದಾರೆ, ಒಳ್ಳೆಯದು. ಆದರೆ ಐದೂ ಪಾಲಿಕೆಗಳ ಮೇಲೆ ಕೂರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಪಾಲಿಕೆಯ ಆಯುಕ್ತರು ರಾಜ್ಯ ಸರ್ಕಾರ ಕಳಿಸಿದವರು. ಐದು ಮನೆ ಕಟ್ಟಿ ಎಲ್ಲದರ ಬೀಗದ ಕೈ ಒಬ್ಬರೇ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ.

ಒಂದು ಒಳ್ಳೆಯದು ಹೇಳಿಬಿಡುತ್ತೇನೆ. 2011ರ ಜನಗಣತಿಯ ಪ್ರಕಾರ ಬಿಬಿಎಂಪಿ ವ್ಯಾಪ್ತಿಯಲ್ಲಿ 84 ಲಕ್ಷ ಜನ. 198 ವಾರ್ಡಿಗೆ ಹಂಚಿದರೆ ವಾರ್ಡಿಗೆ ಹತ್ತಿರ ಹತ್ತಿರ 42 ಸಾವಿರ. 369ಕ್ಕೆ ಹಂಚಿದರೆ 23 ಸಾವಿರ. ಈಗಿನ ಜನಸಂಖ್ಯೆ ಜಾಸ್ತಿ ಇದೆ, ಆದರೂ ವಾರ್ಡು ಚಿಕ್ಕದಾಗಿರುವುದು ನಿಜ. ನಡೆದೇ ಸುತ್ತಬಹುದು. ವಾರ್ಡು ಚಿಕ್ಕದಾದಷ್ಟೂ ದುಡ್ಡಿನ ಪ್ರಚಾರಕ್ಕಿಂತ ಮುಖ ಪರಿಚಯಕ್ಕೆ ಬೆಲೆ ಬರುತ್ತದೆ ಅನ್ನುವ ಆಸೆ ನನಗಿದೆ. 2015ರಲ್ಲಿ ವೋಟು ಹಾಕಿದವರು ಅರ್ಧಕ್ಕಿಂತ ಕಡಿಮೆ. ಇಂಥ ಕಡೆ ಕೆಲವು ನೂರು ಜನ ಮನಸ್ಸು ಮಾಡಿದರೂ ಫಲಿತಾಂಶ ಬದಲಾಗುತ್ತದೆ.

ಆದರೆ ನಾವು ಕೇಳುವುದಾದರೂ ಏನನ್ನು? ಮಾಜಿ ಕಾರ್ಪೊರೇಟರ್ ಒಬ್ಬರ ಮನೆ ಮುಂದೆ ಬೆಳಗ್ಗೆ ಹೊತ್ತು ನಿಂತು ನೋಡಿದರೆ ಗೊತ್ತಾಗುತ್ತದೆ. ಒಬ್ಬರಿಗೆ ವೃದ್ಧಾಪ್ಯ ವೇತನ ನಿಂತಿದೆ. ಒಬ್ಬರಿಗೆ ಮಗುವಿಗೆ ಸ್ಕೂಲ್ ಸೀಟು ಬೇಕು. ಬಿ ಖಾತಾ, ಅಂದರೆ ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಯ ದಾಖಲೆ, ಎ ಆಗಬೇಕು. ಪಕ್ಕದ ಮನೆಯವರು ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ, ಬಿಡದೆ ಕಟ್ಟುತ್ತಿದ್ದಾರೆ, ನಿಲ್ಲಿಸಿ. ಅದೇ ಸಾಲಿನಲ್ಲಿ ಹಿಂದೆ ನಿಂತವರು, ನಾನು ಒಂದು ಫ್ಲೋರ್ ಜಾಸ್ತಿ ಕಟ್ಟುತ್ತಿದ್ದೇನೆ, ಎಂಜಿನಿಯರ್ ಕಾಟ ತಪ್ಪಿಸಿ. ದೇವಸ್ಥಾನದ ಜಾತ್ರೆಗೆ ಪೆಂಡಾಲ್. ಸಾವಿನ ಮನೆಗೆ ಶವದ ಗಾಡಿ. ಎಲ್ಲವೂ ನಿಜವಾದ ಕಷ್ಟಗಳೇ, ಫ್ಲೋರ್ ಜಾಸ್ತಿ ಕಟ್ಟುವವರದ್ದು ಬಿಟ್ಟು. ಇವುಗಳನ್ನು ಮಾಡಿಕೊಟ್ಟವರು ಒಳ್ಳೆಯ ಕಾರ್ಪೊರೇಟರ್. ಕೌನ್ಸಿಲ್‌ನಲ್ಲಿ ಅವರು ಒಂದು ದಿನವಾದರೂ ಬಾಯಿ ಬಿಟ್ಟರಾ ಅಂತ ಯಾರೂ ಕೇಳುವುದಿಲ್ಲ. ನಾವು ಹೀಗೆ ಕೇಳುತ್ತಾ ಹೋದರೆ ಅವರು ಮಧ್ಯವರ್ತಿ ಆಗದೆ ಇನ್ನೇನಾಗುತ್ತಾರೆ? ಕಚೇರಿಗಳು ಸರಿಯಾಗಿ ನಡೆದರೆ ಈ ಸಾಲೇ ಇರುವುದಿಲ್ಲ. ಸಾಲು ಇಲ್ಲದಿದ್ದರೆ ಅವರಿಗೆ ವೋಟು ಎಲ್ಲಿಂದ?

ಮಹಿಳಾ ಅಭ್ಯರ್ಥಿಗಳ ಬಗ್ಗೆ ಒಂದು ಮಾತು. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸೀಟು ಮಹಿಳೆಯರಿಗೆ. ವಾರ್ಡು ಮಹಿಳಾ ಮೀಸಲು ಆದ ಮಾರನೇ ದಿನ ಫ್ಲೆಕ್ಸ್‌ನಲ್ಲಿ ಗಂಡನ ಫೋಟೊ ಪಕ್ಕ ಹೆಂಡತಿಯ ಫೋಟೊ ಬರುವುದು ನಮಗೆಲ್ಲ ಗೊತ್ತಿರುವ ತಮಾಷೆ. ಅದನ್ನು ಹೇಳಿ ನಗುವವರಿಗೆ ಒಂದು ವಿಷಯ ಕಾಣುವುದಿಲ್ಲ. ಮೊದಲ ಅವಧಿಯಲ್ಲಿ ಗಂಡನ ಹಿಂದೆ ನಿಂತ ಎಷ್ಟೋ ಹೆಂಗಸರು ನೀರಿನ ಟ್ಯಾಂಕರ್, ಅಂಗನವಾಡಿ, ಬೀದಿದೀಪದ ವಿಷಯಕ್ಕೆ ಎಂಜಿನಿಯರ್‌ಗಳನ್ನು ನಿಲ್ಲಿಸಿ ಕೇಳುವುದನ್ನು ಕಲಿತರು. ಅಷ್ಟರಲ್ಲಿ ಮೀಸಲಾತಿ ಪಟ್ಟಿ ಬದಲಾಗಿ ವಾರ್ಡು ಕೈ ತಪ್ಪಿತು. ಕಲಿತವರನ್ನು ಮನೆಗೆ ಕಳಿಸುವ ಈ ವ್ಯವಸ್ಥೆಯ ಬಗ್ಗೆ ನನಗೆ ತಕರಾರಿದೆ. ಮೀಸಲಾತಿ ಬೇಕು, ಅನುಮಾನವೇ ಇಲ್ಲ. ಒಂದೇ ವಾರ್ಡಿನಲ್ಲಿ ಎರಡು ಅವಧಿಯಾದರೂ ಉಳಿಯಬೇಕು. ಮುಂದಿನ ಸಲ ಇಲ್ಲಿ ನಿಲ್ಲುವುದೇ ಗ್ಯಾರಂಟಿ ಇಲ್ಲದಿದ್ದರೆ ಮೋರಿ ಬಗ್ಗೆ ಯಾರಿಗೆ ಏನು ಆಸೆ ಇರುತ್ತದೆ?

ಕೊನೆಗೆ ಯಾರೂ ಬಾಯಿ ಬಿಡದ ವಿಷಯ, ತೆರಿಗೆ. 2025-26ಕ್ಕೆ ಬಿಬಿಎಂಪಿ ಮಂಡಿಸಿದ ಬಜೆಟ್ಟು ಸುಮಾರು 19,900 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ ಆಸ್ತಿ ತೆರಿಗೆಯಿಂದ ಬಂದಿದ್ದು ಹೆಚ್ಚುಕಡಿಮೆ 4,900 ಕೋಟಿ. ಉಳಿದಿದ್ದರಲ್ಲಿ ದೊಡ್ಡ ಪಾಲು ರಾಜ್ಯ ಸರ್ಕಾರ ಕೊಡಬೇಕು, ಇಲ್ಲ ಸಾಲ ತರಬೇಕು. ದುಡ್ಡು ಕೊಡುವವರ ಮಾತು ಕೇಳಲೇಬೇಕಲ್ಲ. ಬೆಂಗಳೂರಿನಲ್ಲಿ 2000ದಿಂದ ಸ್ವಯಂ ಘೋಷಣೆ ಪದ್ಧತಿ ಇದೆ. ನಮ್ಮ ಮನೆ ಅಳತೆ ನಾವೇ ಬರೆದು ನಾವೇ ಕಟ್ಟುತ್ತೇವೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಎರಡು ಮಹಡಿ ಬಾಡಿಗೆ ಕೊಟ್ಟು ಒಂದೇ ಮಹಡಿ ತೋರಿಸಿದವರು ನಮ್ಮ ನಿಮ್ಮ ಬೀದಿಯಲ್ಲೇ ಇದ್ದಾರೆ. ಅಂಥವರ ಮನೆಗೂ ಅಭ್ಯರ್ಥಿ ಕೈ ಮುಗಿದು ಹೋಗಬೇಕು. 2024ರಲ್ಲಿ ಆಸ್ತಿಗೆ ಸರ್ಕಾರ ನಿಗದಿ ಮಾಡುವ ಮಾರ್ಗಸೂಚಿ ಬೆಲೆಗೆ ತೆರಿಗೆ ಜೋಡಿಸುವ ಪ್ರಸ್ತಾಪ ಬಂದಾಗ ಎದ್ದ ಗದ್ದಲಕ್ಕೆ ಅದು ಮುಂದಕ್ಕೆ ಹೋಯಿತು. ಆ ಪ್ರಸ್ತಾಪದಲ್ಲಿ ತಪ್ಪುಗಳು ಇದ್ದಿರಬಹುದು. ಆದರೆ ತೆರಿಗೆ ಹೆಚ್ಚು ಬೇಡ, ಕೆಲಸ ಹೆಚ್ಚು ಬೇಕು, ವಿಧಾನಸೌಧದ ಮುಂದೆ ಕೈ ಚಾಚುವುದೂ ಬೇಡ ಅಂದರೆ ದುಡ್ಡು ಎಲ್ಲಿಂದ ಬರಬೇಕು?

ಕರಪತ್ರದ ಯಜಮಾನರು ಭಾನುವಾರ ಪಾರ್ಕಿನ ಹತ್ತಿರ ಸಿಕ್ಕಾಗ ಇದನ್ನೇ ಕೇಳಿದೆ. ಕಾವೇರಿ, ಮೆಟ್ರೊ ಬಿಡಿ, ಆಸ್ತಿ ತೆರಿಗೆ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂದೆ. ನಕ್ಕರು. "ಏರಿಸ್ತೀನಿ ಅಂದ್ರೆ ನೀವೇ ವೋಟ್ ಹಾಕಲ್ಲ" ಅಂದರು.

"ಹಾಕ್ತೀನಿ" ಅಂದೆ. "ನಮ್ಮ ವಾರ್ಡಿಂದ ಎಷ್ಟು ತೆರಿಗೆ ಹೋಯ್ತು, ನಮ್ಮ ವಾರ್ಡಿಗೆ ಯಾವ ಜಾಬ್ ಕೋಡಲ್ಲಿ ಎಷ್ಟು ವಾಪಸ್ ಬಂತು, ಕೆಲಸ ಮಾಡಿದವರು ಯಾರು, ತಿಂಗಳಿಗೊಂದ್ಸಲ ವಾರ್ಡ್ ಆಫೀಸ್ ಬಾಗಿಲಿಗೆ ಅಂಟಿಸ್ತೀನಿ ಅಂತ ಇದೇ ಕರಪತ್ರದಲ್ಲಿ ಹಾಕಿ. ನಾನೂ ಹಾಕ್ತೀನಿ, ಬೀದಿಯವರಿಂದಲೂ ಹಾಕಿಸ್ತೀನಿ."

ಅವರು ಸ್ವಲ್ಪ ಯೋಚನೆ ಮಾಡಿದರು. ಜತೆಗಿದ್ದ ಹುಡುಗರ ಕಡೆ ಒಮ್ಮೆ ನೋಡಿದರು. "ಅದಕ್ಕೆ ಎಂಜಿನಿಯರ್ ಒಪ್ಪಬೇಕಲ್ಲ ಸಾರ್" ಅಂದರು.